ಒಪ್ಪದುದನ್ನು ಒಪ್ಪವಾಗಿ ಹೇಳಿದವರು

ಅಧಿಕಾರಸ್ಥಾನದಲ್ಲಿರುವವನು ತನ್ನ ಅಭಿಪ್ರಾಯವನ್ನು ಮೇಲಿನವರ ಮುಂದೆ ಕುಗ್ಗದೆಯೂ ಕೈಕೆಳಗಿನವರ ಮುಂದೆ ಕೆರಳದೆಯೂ ಹೇಳಲು ಕಲಿಯಬೇಕೆಂದು ಈಗಿನ ಕಾರ್ಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ಪಾಠಮಾಡಿ ಹೇಳಿಕೊಡುವ ಪದ್ಧತಿ ಬಂದಿದೆ. ಅದು ಕಲಿಯತಕ್ಕ ವಿದ್ಯೆಯೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದನ್ನು ಒಬ್ಬೊಬ್ಬನ ಸ್ವಭಾವಕ್ಕೆ ಸೇರಿದ ಗುಣವೆಂದು ಮಾತ್ರ ಎಣಿಸಿ, ಅಂಜುವವನಿಗೆ ಧೈರ್ಯವನ್ನೂ ಕೋಪಿಷ್ಠನಿಗೆ ತಾಳ್ಮೆಯನ್ನೂ ಬೋಧಿಸಿದರೆ ಕಾರ್ಯವಾಯಿತೆಂದು ತಿಳಿಯುವುದು ಅರ್ಧ ಸತ್ಯ. ಮೈಸೂರು ಸಂಸ್ಥಾನದ ಆಡಳಿತ ನಡೆದುಬಂದ ಬಗೆಯನ್ನು ನೋಡಿದರೆ, ನೇರವಾದ ಮಾತು ಒಂದು ಸಂಪ್ರದಾಯವಾಗಿ ಬೆಳೆಯಬೇಕಾದ ವಸ್ತುವೆಂದೂ, ಹಾಗೆ ಬೆಳೆಯಲು ತಲೆಮಾರುಗಳೇ ಬೇಕಾದುವೆಂದೂ ವಿಶದವಾಗುತ್ತದೆ.

ಆ ಸಂಪ್ರದಾಯವಿಲ್ಲದ ಕಾಲವೊಂದಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ನೇರ ಆಳ್ವಿಕೆಯಲ್ಲಿ ಕಂದಾಯದ ವಸೂಲಿಗೆ ಷರತ್ತು ಎಂಬ ಏರ್ಪಾಡು ರೂಢಿಯಲ್ಲಿತ್ತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ಸಲ್ಲಿಸುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು. ಹೆಚ್ಚು ಬಂದರೆ ಅದು ಸರ್ಕಾರದ್ದು, ಕಡಮೆ ಬಿದ್ದರೆ ಅವನೇ ತುಂಬಿಕೊಡಬೇಕು. ಮಳೆ ಹೋಯಿತು, ಪೈರು ಒಣಗಿತು, ರೈತನ ಕೈಯಲ್ಲಿ ಕಾಸಿಲ್ಲ ಎಂಬ ನಿಜಸ್ಥಿತಿಯನ್ನು ಹುಜೂರಿಗೆ ಬರೆದವನು ತನ್ನ ಗಂಟನ್ನೇ ಕಳೆದುಕೊಳ್ಳುವಂತಿದ್ದಮೇಲೆ ಆ ನಿಜಸ್ಥಿತಿ ಮೇಲಕ್ಕೆ ಏರುವುದಾದರೂ ಹೇಗೆ? ಮೇಲೆ ಹೇಳಲಾರದೆ ಹೋದ ಮಾತಿನ ಭಾರವೆಲ್ಲ ಕೆಳಗಿನ ರೈತನ ಬೆನ್ನಮೇಲೆ ಬಲಾತ್ಕಾರವಾಗಿ ಇಳಿಯಿತು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಬಂಡೆದ್ದರು. ಮರುವರ್ಷವೇ ಕಂಪನಿ ಸರ್ಕಾರದವರು ರಾಜ್ಯಭಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ಆ ದಂಗೆಗೆ ಬೇರೆ ಕಾರಣಗಳೂ ಇದ್ದುವು, ಹಳೆಯ ಕೆಳದಿಯ ಮನೆತನದ ಹಕ್ಕನ್ನು ಸಾರಿಕೊಂಡು ನಿಂತವನೂ ಇದ್ದನು; ಆದರೆ ನಡುವಿನ ಅಧಿಕಾರಿಗಳ ಬಾಯನ್ನು ಅವರ ಹಣದ ಚೀಲದೊಡನೆಯೇ ಕಟ್ಟಿಹಾಕಿದ ಏರ್ಪಾಡು ಆ ಕಾರಣಗಳಲ್ಲಿ ಮುಖ್ಯವಾದುದೆಂದು ನನ್ನ ಎಣಿಕೆ. ಅಮಲ್ದಾರರೆಲ್ಲರೂ ಹುಟ್ಟಿನಿಂದ ಕ್ರೂರಿಗಳಾಗಿದ್ದರೆಂದು ನಂಬುವುದು ಕಷ್ಟ.

1834ರಿಂದ 1861ರವರೆಗೆ ಸಂಸ್ಥಾನದ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸಾಹೇಬರು ಬೇರೆ ತೆರನಾದ ಮಾದರಿಯೊಂದನ್ನು ಬಿಟ್ಟುಹೋದರು. ಅವರ ದೀರ್ಘಾಡಳಿತದ ಕೊನೆಯಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಅಧೀನಕ್ಕೆ ಒಪ್ಪಿಸಬೇಕೆಂಬ ಆಜ್ಞೆ ಮೇಲಿನಿಂದ ಬಂದಾಗ ಮಹಾರಾಜರು ಅದನ್ನು ಪ್ರತಿಭಟಿಸಿದರು. ಕಬ್ಬನ್ನರೂ ಅದು ಸಲ್ಲದೆಂದು ಬರೆದು, ಹುದ್ದೆಯನ್ನೇ ಬಿಡುವುದಾಗಿ ತಿಳಿಸಿದರು. ಗವರ್ನರ್ ಜನರಲ್ ಕ್ಯಾನಿಂಗರು ಆ ಯೋಚನೆಯನ್ನು ಕೈಬಿಟ್ಟರು. ಪರರಾಜ್ಯದವರ ಸೇವಕರಾಗಿ ಬಂದವರೊಬ್ಬರು ತಮ್ಮನ್ನು ನೇಮಿಸಿದವರ ಇಷ್ಟಕ್ಕೆ ವಿರೋಧವಾಗಿ, ತಾವು ಆಳುವ ನಾಡಿನ ಪರವಾಗಿ ಲಿಖಿತರೂಪದಲ್ಲಿ ನಿಂತ ಈ ಪ್ರಸಂಗ ಮೈಸೂರಿನ ಕಚೇರಿಗಳಿಗೆ ಒಂದು ಮೇಲ್ಪಂಕ್ತಿಯಾಯಿತೆಂದು ಭಾವಿಸಬಹುದು.

ಆದರೆ ಮೇಲಕ್ಕೆ ಹೇಳುವುದು ಒಂದು ಮುಖ. ಕೆಳಗಿನವರು ಹೇಳುವಂತೆ ಸ್ಥಳಮಾಡಿಕೊಡುವುದು ಇನ್ನೊಂದು. ಅದು ಬಂದುದು ದಿವಾನ್ ರಂಗಾಚಾರ್ಲುಗಳ ಕಾಲದಲ್ಲಿ. 1881ರಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಮರಳಿ ಬಂದ ಕೆಲವೇ ತಿಂಗಳುಗಳಲ್ಲಿ, ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ದಿವಾನರು 144 ಮಂದಿ ರೈತರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ನೆರವೇರಿಸಿದರು. ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಅದನ್ನು ಹಳಿಯುವವರು ಈ ಕೊರತೆಯನ್ನೇ ಎತ್ತಿ ಆಡುತ್ತಾರೆ, ಅದು ನ್ಯಾಯವೂ ಹೌದು. ಆದರೂ ಕೆಲವೇ ವರ್ಷಗಳ ಹಿಂದೆ, 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ, ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡಿದ್ದ ನಾಡಿನಲ್ಲಿ, ಸಂಸ್ಥಾನದ ಅತ್ಯುನ್ನತ ಅಧಿಕಾರಿಯು ಅಧ್ಯಕ್ಷಪೀಠದಲ್ಲಿ ಕುಳಿತು, ವರ್ಷದ ಲೆಕ್ಕವನ್ನು ಒಪ್ಪಿಸಿ, ಕೆರೆಯ ತೂಬು ಕೆಟ್ಟಿದೆ, ದಾರಿ ಹಾಳಾಗಿದೆ ಎಂದು ಹಳ್ಳಿಯಿಂದ ಬಂದವನು ಎದ್ದುನಿಂತು ಹೇಳುವುದನ್ನು ಕೇಳಿಕೊಂಡು, ಎಲ್ಲರೆದುರಿಗೆ ಉತ್ತರ ಕೊಡಬೇಕಾಗಿ ಬಂದುದು ಸಾಮಾನ್ಯ ಸಂಗತಿಯಲ್ಲ. ಕೇಳುವುದು ಮೇಲಧಿಕಾರಿಯ ಕರ್ತವ್ಯಗಳಲ್ಲಿ ಒಂದೆಂದು ಅಲ್ಲಿಂದ ಮುಂದೆ ಯಾವ ದಿವಾನರೂ ಮರೆಯುವಂತಿರಲಿಲ್ಲ.

ಹೀಗೆ ಹದಗೊಂಡ ನೆಲಕ್ಕೆ 1909ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರರಾಗಿ ಬಂದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿ, ಖಡಕವಾಸಲೆಯ ಸ್ವಯಂಚಾಲಿತ ಬಾಗಿಲುಗಳಿಂದ ಕೀರ್ತಿಯನ್ನು ಪಡೆದು, ಅಲ್ಲಿಂದ ಸ್ವಇಚ್ಛೆಯಿಂದ ನಿವೃತ್ತರಾಗಿದ್ದ ಅವರನ್ನು ಮೈಸೂರು ಸರ್ಕಾರ ಕರೆದಾಗ, ಅವರು ಸಂಬಳದ ಮಾತಿಗಿಂತ ಮೊದಲು ಕೈಗಾರಿಕೆಗೂ ತಾಂತ್ರಿಕ ಶಿಕ್ಷಣಕ್ಕೂ ಸರ್ಕಾರದವರ ಪ್ರೋತ್ಸಾಹವುಂಟೆ ಎಂದು ವಿಚಾರಿಸಿದರು. ಕೆಲಸಕ್ಕೆ ಸೇರಿದ ಮೇಲೆ ಅಸಮಾಧಾನ ಪಡುವುದಕ್ಕಿಂತ ಸೇರುವುದಕ್ಕೆ ಮೊದಲೇ ತನ್ನ ಅಪೇಕ್ಷೆಯನ್ನು ತಿಳಿಯಪಡಿಸುವ ಈ ಕ್ರಮ ಅವರ ಉದ್ಯೋಗಜೀವನದುದ್ದಕ್ಕೂ ಕಾಣುತ್ತದೆ.

ದರ್ಬಾರಿನ ಪ್ರಸಂಗವನ್ನು ಅನೇಕರು ಬಲ್ಲರು. ದಸರೆಯ ದರ್ಬಾರಿನಲ್ಲಿ ಐರೋಪ್ಯರಿಗೆ ಕುರ್ಚಿಗಳೂ ದೇಶೀಯರಿಗೆ ನೆಲದ ಹಾಸೂ ಇರುವುದನ್ನು ಕಂಡ ವಿಶ್ವೇಶ್ವರಯ್ಯನವರು ಮರುವರ್ಷ ಅಲ್ಲಿಗೆ ಹೋಗಲಿಲ್ಲ. ಸಭೆಯಲ್ಲಿ ಎದ್ದು ಗಲಭೆ ಮಾಡಲಿಲ್ಲ, ಪತ್ರಿಕೆಗೆ ಬರೆಯಲಿಲ್ಲ, ಜ್ವರವೆಂದು ನೆಪ ಹೇಳಲೂ ಇಲ್ಲ. ಏಕೆ ಬರಲಿಲ್ಲವೆಂದು ಅರಮನೆಯಿಂದ ವಿಚಾರಣೆ ಬಂದಾಗ ಇದ್ದ ಕಾರಣವನ್ನು ಇದ್ದಂತೆ ತಿಳಿಸಿದರು. ಮುಂದಿನ ದರ್ಬಾರುಗಳಲ್ಲಿ ಆ ಭೇದ ನಿಂತಿತು. ಇದರಲ್ಲಿ ಅಂದಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಪಾಲನ್ನು ಮರೆಯುವುದು ಅನ್ಯಾಯ. ನೇರವಾದ ಮಾತನ್ನು ಅವಿಧೇಯತೆಯೆಂದು ಎಣಿಸದ ಪ್ರಭುವಿನ ಮುಂದೆ ಮಾತ್ರ ಅಂಥ ಮಾತು ಸಾರ್ಥಕವಾಗುತ್ತದೆ.

ಕನ್ನಂಬಾಡಿಯ ಅಣೆಕಟ್ಟಿನ ವಿಷಯದಲ್ಲಿ ಈ ವಿದ್ಯೆಗೆ ಇನ್ನೂ ಕಠಿನವಾದ ಪರೀಕ್ಷೆ ಬಂದಿತು. ಒಟ್ಟು 253 ಲಕ್ಷ ರೂಪಾಯಿಗಳ ಅಂದಾಜಿನ ಯೋಜನೆ. ಸಂಸ್ಥಾನದ ಬೊಕ್ಕಸವನ್ನು ಕಾಯುವವರಿಗೆ ಅದು ಭಯಾನಕವಾಗಿ ಕಂಡುದು ಸಹಜ. ಮುಖ್ಯ ಇಂಜಿನಿಯರರು ಆಕ್ಷೇಪಣೆ ಮಾಡಿದವರನ್ನು ಜರೆಯಲಿಲ್ಲ. ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ ಸಲ್ಲುವ ವಿದ್ಯುಚ್ಛಕ್ತಿ ಬೇಸಗೆಯಲ್ಲಿಯೂ ಕುಂದದಂತೆ ಮಾಡಿದರೆ ಬರುವ ಆದಾಯವೆಷ್ಟು, ನೀರಾವರಿಯಿಂದ ಬರುವುದೆಷ್ಟು ಎಂದು ಲೆಕ್ಕವಿಟ್ಟು ಉತ್ತರ ಬರೆದರು. ಆದರೂ ಮಂಜೂರಾತಿ ತಡವಾಯಿತು. ಕೈಗೊಂಡ ಕಾರ್ಯ ನಡೆಯದಿದ್ದಲ್ಲಿ ತಾವು ಈ ಹುದ್ದೆಯಲ್ಲಿರುವುದು ವ್ಯರ್ಥವೆಂಬ ಅವರ ಮನೋಗತ ಮಹಾರಾಜರವರೆಗೆ ಮುಟ್ಟಿತು. ದುಡುಕಬಾರದೆಂದು ಮಹಾರಾಜರು ಅವರನ್ನು ತಡೆದರು. 1911ರ ಅಕ್ಟೋಬರಿನಲ್ಲಿ ಮೊದಲ ಘಟ್ಟಕ್ಕೆ ಅನುಮತಿ ದೊರೆಯಿತು. ಮದರಾಸು ಸರ್ಕಾರದವರು ಕಟ್ಟೆಯನ್ನು ಎತ್ತರಿಸಕೂಡದೆಂದು ಹಿಡಿದ ಹಟಕ್ಕೂ ಉತ್ತರ ಇದೇ ತೆರನಾದುದು: ತಳಪಾಯವನ್ನು ಪೂರ್ಣ ಎತ್ತರದ ಕಟ್ಟೆಗೆ ತಕ್ಕಂತೆ ಹಾಕಿಸಿದರು, ವಾದವನ್ನು ಮಧ್ಯಸ್ಥರ ಮುಂದೆ ನಡೆಸಿದರು. 1914ರಲ್ಲಿ ಮಧ್ಯಸ್ಥರಾದ ಗ್ರಿಫಿನ್ನರ ತೀರ್ಪು ಬಂದಿತು, ಅದಕ್ಕೆ ತಕರಾರು ಹುಟ್ಟಿತು, ಕೊನೆಗೆ 1924ರ ಒಪ್ಪಂದದಲ್ಲಿ ಅದು ಒಂದು ನೆಲೆಗೆ ಬಂದಿತು. ಹದಿಮೂರು ವರ್ಷಗಳ ಕಾಲ ಒಂದೇ ಮಾತನ್ನು ಸ್ವರ ಏರಿಸದೆ ಹೇಳುತ್ತ ಬರುವುದು ಒಬ್ಬನಿಂದ ಆಗುವ ಕೆಲಸವಲ್ಲ. ಅಷ್ಟು ಹೊತ್ತಿಗೆ, ಈ ನಡುವೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಆ ಹುದ್ದೆಯನ್ನು ಬಿಟ್ಟು ಐದಾರು ವರ್ಷಗಳು ಕಳೆದಿದ್ದುವು. ಕಡತ ಉಳಿದಿತ್ತು, ವಾದದ ಕ್ರಮ ಉಳಿದಿತ್ತು, ಅದನ್ನು ಮುಂದುವರಿಸುವವರು ಇದ್ದರು.

ಇಲ್ಲಿಯವರೆಗೆ ಹೇಳಿದುದನ್ನು ಕೇಳಿದವರು ದೃಢವಾಗಿ ಆಡಿದ ಮಾತೆಲ್ಲ ಸರಿಯಾದ ಮಾತೆಂದು ತಿಳಿದಾರು. ಹಾಗಲ್ಲವೆಂಬುದಕ್ಕೆ ಅವರ ದಿವಾನಗಿರಿಯ ಅಂತ್ಯವೇ ಸಾಕ್ಷಿ. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಲಿಯವರು, ಸರ್ಕಾರದ ಹುದ್ದೆಗಳಲ್ಲಿ ಹಿಂದುಳಿದ ಜನವರ್ಗಗಳಿಗೆ ತಕ್ಕ ಪಾಲಿಲ್ಲವೆಂದು ಮಹಾರಾಜರಲ್ಲಿ ಅರಿಕೆ ಮಾಡಿಕೊಂಡರು. 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಯೋಗ್ಯತೆಯೊಂದನ್ನೇ ಪ್ರಮಾಣವಾಗಿ ಇಟ್ಟುಕೊಳ್ಳದಿದ್ದರೆ ಆಡಳಿತದ ದಕ್ಷತೆ ಕೆಡುವುದೆಂದು ದಿವಾನರು ನಂಬಿದ್ದರು. ತಮ್ಮ ಭಿನ್ನಾಭಿಪ್ರಾಯವನ್ನು ಮಹಾರಾಜರಿಗೆ ಸ್ಪಷ್ಟವಾಗಿ ಅರಿಕೆ ಮಾಡಿ, ಹುದ್ದೆಯಿಂದ ನಿವೃತ್ತರಾದರು. ಶಾಲೆಯ ಬಾಗಿಲನ್ನೇ ಕಾಣದೆ ಶತಮಾನಗಳನ್ನು ಕಳೆದವರಿಗೆ ಯೋಗ್ಯತೆಯನ್ನು ಪಡೆಯುವ ಅವಕಾಶವನ್ನೇ ಮೊದಲು ಕೊಡಬೇಕಾಗಿತ್ತೆಂಬ ಮಹಾರಾಜರ ದೃಷ್ಟಿ ಹೆಚ್ಚು ದೂರಗಾಮಿಯಾಗಿತ್ತೆಂದೇ ನನ್ನ ಅಭಿಪ್ರಾಯ. ಪ್ರಜಾಮಿತ್ರ ಮಂಡಲಿಯವರ ಅರಿಕೆಯೂ ದೃಢವಾದ ಮಾತೇ ಆಗಿತ್ತೆಂಬುದನ್ನು, ಅದೂ ಬಹುಕಾಲ ಮೌನವಾಗಿದ್ದವರ ಬಾಯಿಂದ ಬಂದುದೆಂಬುದನ್ನು, ವಿಶ್ವೇಶ್ವರಯ್ಯನವರನ್ನು ಕೊಂಡಾಡುವ ಚರಿತ್ರಕಾರರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗಮನಿಸಬೇಕು.

ಆದರೆ ಆ ಭಿನ್ನಾಭಿಪ್ರಾಯ ವೈರವಾಗಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಕಾಲಕ್ಕೆ ಯುದ್ಧಾನಂತರದ ಮಾರುಕಟ್ಟೆಯಲ್ಲಿ ಬೀಡುಕಬ್ಬಿಣದ ಬೆಲೆ ಕುಸಿದಿತ್ತು; ಇದ್ದಿಲಿನಿಂದ ಉರಿಯುವ ಕುಲುಮೆ, ಮರವನ್ನು ಭಟ್ಟಿಯಿಳಿಸುವ ಯಂತ್ರಾಗಾರ, ಹೊರದೇಶದ ತಜ್ಞರ ದೊಡ್ಡ ಸಂಬಳಗಳು, ಎಲ್ಲವೂ ನಷ್ಟದ ಬಾಬುಗಳೇ ಆಗಿದ್ದುವು; ಕಾರ್ಖಾನೆಯನ್ನು ಮುಚ್ಚಿಬಿಡಬೇಕೆಂಬ ಮಾತು ಹಬ್ಬಿತ್ತು. ಆಗ ಮಹಾರಾಜರು ಕರೆಸಿದುದು, ತಮ್ಮ ಅಭಿಪ್ರಾಯವನ್ನು ಒಪ್ಪದೆ ಹೊರಟುಹೋಗಿದ್ದ ಹಳೆಯ ದಿವಾನರನ್ನೇ. ಅವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಬಂದು, ಖರ್ಚಿನ ಒಂದೊಂದು ಬಾಬನ್ನೂ ಪರಿಶೀಲಿಸಿ, ಪರದೇಶೀಯರ ಸ್ಥಾನದಲ್ಲಿ ತರಬೇತಿ ಪಡೆದ ನಮ್ಮವರನ್ನು ಕ್ರಮಕ್ರಮವಾಗಿ ನಿಲ್ಲಿಸಿ, ಮಾಡಬೇಕಾದುದನ್ನು ಬಾಯಿಮಾತಿನ ಗದರಿಕೆಗೆ ಬಿಡದೆ ಮುಂಚಿತವಾಗಿ ಬರಹದಲ್ಲಿ ತಿಳಿಸುವ ತಮ್ಮ ಹಳೆಯ ವಾಡಿಕೆಯನ್ನು ಅಲ್ಲಿಯೂ ನಡೆಸಿದರು. 1929ರಲ್ಲಿ ಅವರು ಅಲ್ಲಿಂದ ಹೊರಡುವ ವೇಳೆಗೆ ಕಾರ್ಖಾನೆ ಮುಚ್ಚುವ ಮಾತು ನಿಂತಿತ್ತು.