ವಲ್ಕನ್ ವಿಮಾನದ ಜೀರ್ಣೋದ್ಧಾರ

ದಾನಮಾಡುವುದಕ್ಕಿಂತಲೂ ದತ್ತವಾದುದನ್ನು ಪಾಲಿಸುವುದೇ ಹಿರಿದೆಂಬ ಅಭಿಪ್ರಾಯವು ಕನ್ನಡನಾಡಿನ ಶಿಲಾಶಾಸನಗಳಲ್ಲಿ ಮೇಲಿಂದಮೇಲೆ ಕಾಣಬರುವುದು. ಕಟ್ಟಿದವನ ಕಾರ್ಯವು ಕಟ್ಟಡದೊಡನೆ ಪೂರ್ಣವಾಗುವುದು. ಕಾಯುವವನ ಹೊಣೆಗಾದರೋ ಕೊನೆಯೆಂಬುದಿಲ್ಲ. ಈ ಮಾತು ಗುಡಿಗೋಪುರಗಳಿಗೆ ಮಾತ್ರವಲ್ಲದೆ ಯಂತ್ರಗಳಿಗೂ ಸಲ್ಲುವುದೆಂಬುದಕ್ಕೆ ಇಂಗ್ಲೆಂಡಿನ ಒಂದು ಯುದ್ಧವಿಮಾನದ ಚರಿತ್ರೆಯು ನಿದರ್ಶನವಾಗಿರುವುದು.

ವಲ್ಕನ್ ಎಂಬುದು ರೋಮನರ ಅಗ್ನಿದೇವತೆಯ ಹೆಸರು. ಈ ಹೆಸರನ್ನು ಪಡೆದ ಆವ್ರೋ ಸಂಸ್ಥೆಯ ಜೆಟ್ ವಿಮಾನವು ಮೊದಲು ಹಾರಿದುದು 1952ನೆಯ ಆಗಸ್ಟ್ 30ರಂದು. ತ್ರಿಕೋಣಾಕಾರದ ವಿಶಾಲವಾದ ರೆಕ್ಕೆ, ಅದರೊಳಗಡಗಿದ ನಾಲ್ಕು ಎಂಜಿನುಗಳು, ಐವರು ಸಿಬ್ಬಂದಿ. ಇದು ಅದರ ಸ್ವರೂಪ. ಪರಮಾಣು ಬಾಂಬನ್ನು ಶತ್ರುದೇಶಕ್ಕೆ ಒಯ್ಯುವುದೇ ಅದರ ಉದ್ದೇಶವಾಗಿದ್ದಿತು. ದೈವವಶಾತ್ ಆ ಪ್ರಸಂಗವು ಎಂದಿಗೂ ಒದಗಲಿಲ್ಲ. 1982ರ ಫಾಕ್‌ಲಂಡ್ ಯುದ್ಧದಲ್ಲಿ ಮಾತ್ರ ಅದು ಸಾಧಾರಣ ಬಾಂಬುಗಳನ್ನು ಹೊತ್ತು ಹೋಯಿತು.

ಇವುಗಳಲ್ಲಿ ಎಕ್ಸ್‌ಎಚ್ 558 ಎಂಬ ಸಂಖ್ಯೆಯದು 1960ರಲ್ಲಿ ವಾಯುಸೈನ್ಯವನ್ನು ಸೇರಿತು. ಸೇವೆಯಿಂದ ನಿವೃತ್ತವಾದ ಮೇಲೂ ಕೆಲವು ವರ್ಷ ಪ್ರದರ್ಶನಗಳಲ್ಲಿ ಹಾರಿ, 1993ನೆಯ ಮಾರ್ಚ್ 23ರಂದು ಬ್ರಂಟಿಂಗ್‌ಥಾರ್ಪ್ ಎಂಬಲ್ಲಿಗೆ ಬಂದಿಳಿಯಿತು. ಸರ್ಕಾರವು ಅದನ್ನು ಮಾರಿಬಿಟ್ಟಿತ್ತು. ಕೊಂಡ ಮನೆತನದವರೂ ಉತ್ಸಾಹಿಗಳಾದ ಸ್ವಯಂಸೇವಕರೂ ಅದನ್ನು ತುಕ್ಕಿಗೆ ಒಪ್ಪಿಸದೆ, ಎಂಜಿನುಗಳನ್ನು ಆಗಾಗ ನಡೆಸುತ್ತ ಕಾಪಾಡಿದರು. ಬಳಿಕ ಡಾ|| ರಾಬರ್ಟ್ ಪ್ಲೆಮಿಂಗ್ ಎಂಬವರ ಮುಂದಾಳುತನದಲ್ಲಿ, ಅದನ್ನು ಮರಳಿ ಆಕಾಶಕ್ಕೇರಿಸಬೇಕೆಂಬ ಸಂಕಲ್ಪವು ಹುಟ್ಟಿತು.

ಸಂಕಲ್ಪವು ಸುಲಭ, ಸಾಧನೆಯು ದುಸ್ತರ. ರಾಷ್ಟ್ರೀಯ ಲಾಟರಿಯ ನಿಧಿಯಿಂದ 27 ಲಕ್ಷ ಪೌಂಡುಗಳಿಗೂ ಮಿಕ್ಕ ಧನವು ದೊರೆತರೂ ಅದು ಸಾಲಲಿಲ್ಲ. ಅಭಿಮಾನಿಗಳು ಚಂದಾ ಎತ್ತಿದರು. 2006ರಲ್ಲಿ ಕೆಲಸವೇ ನಿಂತುಹೋಗುವ ಕಾಲಕ್ಕೆ ಸರ್ ಜಾಕ್ ಹೇವರ್ಡ್ ಎಂಬ ದಾನಿಯು 5 ಲಕ್ಷ ಪೌಂಡುಗಳನ್ನಿತ್ತನು. ಕಡೆಗೆ 2007ನೆಯ ಅಕ್ಟೋಬರ್ 18ರಂದು, ಹದಿನಾಲ್ಕು ವರ್ಷಗಳ ತರುವಾಯ, ವಲ್ಕನ್ ಮತ್ತೆ ನೆಲವನ್ನು ಬಿಟ್ಟೆದ್ದಿತು.

ಪಾಲನೆಯಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ ಒಂದು ಸಂಗತಿಯು ಸಾಕು. 2012ನೆಯ ಮೇ ತಿಂಗಳಲ್ಲಿ ವಿಮಾನವು ಏರಲು ಓಡುತ್ತಿದ್ದಾಗ, ತೇವವನ್ನು ಹೀರಲೆಂದು ಇಟ್ಟಿದ್ದ ಪುಟ್ಟ ಚೀಲಗಳು ಗಾಳಿಯ ಮಾರ್ಗದಿಂದ ಒಳಸೇರಿ ಎರಡು ಎಂಜಿನುಗಳನ್ನು ಕೆಡಿಸಿದುವು. ರಕ್ಷಣೆಗೆಂದು ಇಟ್ಟ ವಸ್ತುವೇ ಕೇಡಿಗೆ ಕಾರಣವಾಯಿತು! ಆದರೂ ಅವರು ಎದೆಗುಂದಲಿಲ್ಲ. ಆ ಬೇಸಿಗೆಯಲ್ಲಿಯೇ ಅದನ್ನು ಪುನಃ ಹಾರಿಸಿದರು.

ಆದರೆ 2015ರಲ್ಲಿ ನೆರವಾಗಿದ್ದ ಮೂರು ದೊಡ್ಡ ಸಂಸ್ಥೆಗಳು ಇನ್ನು ಮುಂದೆ ತಾಂತ್ರಿಕ ಸಹಾಯವನ್ನೀಯಲಾರೆವೆಂದುವು. ಈ ಹಳೆಯ ಯಂತ್ರದ ಮರ್ಮವನ್ನು ಬಲ್ಲ ತಜ್ಞರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದರು. ಆ ವರ್ಷದ ಅಕ್ಟೋಬರ್ 28ರಂದು ಅದು ಕಡೆಯ ಬಾರಿ ಹಾರಿ ಡಾನ್‌ಕಾಸ್ಟರಿನಲ್ಲಿ ಇಳಿಯಿತು. ಧನಾಭಾವವನ್ನು ದಾನಿಗಳು ನೀಗಿಸಬಲ್ಲರು, ವಿದ್ಯಾಭಾವವನ್ನು ನೀಗಿಸುವವರಾರು? ಓಲೆಗರಿಯು ಉಳಿದರೂ ಪಾಠ ಹೇಳುವ ಗುರುವು ಇಲ್ಲವಾದರೆ ಶಾಸ್ತ್ರವು ಮೂಕವಾಗುವಂತೆ, ಲೋಹವು ಉಳಿದರೂ ಬಲ್ಲ ಕೈಗಳಿಲ್ಲದೆ ವಿಮಾನವು ನೆಲವನ್ನು ಹಿಡಿಯಿತು.

ಕೊಲೆಯ ಸಾಧನವನ್ನೇಕೆ ಕಾಪಾಡಬೇಕೆಂದು ಕೆಲವರು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಆದರೆ ಕೋಟೆಯನ್ನು ಕಾಯುವವನು ಮುತ್ತಿಗೆಯನ್ನು ಬಯಸುವನೆಂದು ಹೇಳಲಾಗದು. ಒಂದು ಕಾಲದ ಜನರ ಕೌಶಲವೂ ಅವರನ್ನು ಆವರಿಸಿದ್ದ ಭಯವೂ ಆ ಒಂದೇ ರೆಕ್ಕೆಯಲ್ಲಿ ಒಟ್ಟಿಗಿರುವುವು. ಅವೆರಡನ್ನೂ ಮುಂದಿನವರು ಕಣ್ಣಾರೆ ಕಾಣಬೇಕು.

ವೆಲ್ಸ್‌ಬೋರ್ನಿನಲ್ಲಿಯೂ ಸೌತೆಂಡಿನಲ್ಲಿಯೂ ಇರುವ ಬೇರೆ ಎರಡು ವಲ್ಕನ್‌ಗಳು 1980ರ ದಶಕದಿಂದ ಹಾರಿಲ್ಲ. ಆದರೂ ಸ್ವಯಂಸೇವಕರು ಸಂಬಳವಿಲ್ಲದೆ ದುಡಿದು, ಅವುಗಳ ಎಂಜಿನುಗಳನ್ನು ಹೊತ್ತಿಸಿ ಓಡುದಾರಿಯಲ್ಲಿ ಓಡಿಸುತ್ತ ಬಂದರು. ಹಿರಿಯರ ಬಳಿ ನಿಂತು ಕಿರಿಯರು ಕೆಲಸವನ್ನು ಕಲಿಯುವುದು ಇಂತಹ ಎಡೆಗಳಲ್ಲಿಯೇ. ಹಾರದಿದ್ದರೂ ವಿದ್ಯೆಯು ಕೈಯಿಂದ ಕೈಗೆ ಸಾಗುತ್ತಿರುವವರೆಗೆ ಪಾಲನೆಯು ವ್ಯರ್ಥವಲ್ಲ.