ಮಧುಮೇಹದ ವಂಶವಾಹಿಗಳನ್ನು ತೋರಿಸಿದ ಇಲಿಗಳು

ಟೈಪ್ 1 ಮಧುಮೇಹದಲ್ಲಿ ದೇಹವನ್ನು ಕಾಯಬೇಕಾದ ಟಿ ಕೋಶಗಳೇ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತವೆ. ಮಗುವಿಗೆ ತೀರದ ಬಾಯಾರಿಕೆ ಕಾಣಿಸುವ ಹೊತ್ತಿಗೆ ಬೀಟಾ ಕೋಶಗಳಲ್ಲಿ ಬಹುಪಾಲು ಹೋಗಿರುತ್ತವೆ. ಅದಕ್ಕೂ ಹಿಂದಿನ ಘಟ್ಟವನ್ನು ನೋಡಲು ಮನುಷ್ಯರ ಮೇದೋಜೀರಕದ ತುಣುಕು ತೆಗೆಯುವುದು ಅಪಾಯ. ಹಾಗಾಗಿ ಸಂಶೋಧನೆ ಪ್ರಾಣಿಗಳತ್ತ ಹೊರಳಿತು.

1974ರಲ್ಲಿ ಕೆನಡಾದ ಒಟ್ಟಾವಾದಲ್ಲಿ, ಬಯೋ ಬ್ರೀಡಿಂಗ್ ಪ್ರಯೋಗಾಲಯದ ದೊಡ್ಡ ಇಲಿಗಳಲ್ಲಿ ಈ ರೋಗ ತಾನಾಗಿ ಕಾಣಿಸಿಕೊಂಡಿತು. ಅವಕ್ಕೆ 'ಬಿಬಿ' ಎಂಬ ಹೆಸರಾಯಿತು. 1980ರಲ್ಲಿ ಜಪಾನಿನ ಶಿಯೊನೊಗಿ ಪ್ರಯೋಗಾಲಯದ ಮಕಿನೊ ಮತ್ತು ಸಂಗಡಿಗರು 'ನಾಡ್' ಎಂಬ ಚಿಟ್ಟಿಲಿ ತಳಿಯನ್ನು ವರದಿ ಮಾಡಿದರು. ಕಣ್ಣಿನ ಪೊರೆ ಬರುವ ತಳಿಯನ್ನು ಬೆಳೆಸುವ ಕೆಲಸದ ನಡುವೆ ದೊರೆತದ್ದು ಇದು. ಮುಂದಿನ ಕೆಲಸದ ಹೆಚ್ಚಿನ ಭಾಗವನ್ನು ಹೊತ್ತದ್ದು ಈ ನಾಡ್ ಇಲಿಯೇ.

ವರ್ಣತಂತುಗಳಲ್ಲಿ ಈ ರೋಗಕ್ಕೆ ಸಂಬಂಧಿಸಿದ ತಾಣಗಳ ಪೈಕಿ ಮೊದಲು ಸಿಕ್ಕದ್ದು 'ಐಡಿಡಿ1'. ಅದು ಟಿ ಕೋಶಗಳಿಗೆ ಪ್ರೋಟೀನ್ ತುಣುಕುಗಳನ್ನು ಎತ್ತಿ ತೋರಿಸುವ ಅಣುಗಳ ವಂಶವಾಹಿಗಳಿರುವ ಜಾಗ. ನಾಡ್ ಇಲಿಯ ಅಂಥ ಒಂದು ಅಣುವಿನ 57ನೇ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲದ ಬದಲು ಸೆರೀನ್ ಇತ್ತು. 1987ರಲ್ಲಿ ಟಾಡ್, ಬೆಲ್ ಮತ್ತು ಮೆಕ್‌ಡೆವಿಟ್ ಮನುಷ್ಯರ ಎಚ್‌ಎಲ್‌ಎ-ಡಿಕ್ಯೂ ಎಂಬ ಅಂಥದೇ ಅಣುವಿನಲ್ಲೂ ಅದೇ 57ನೇ ಸ್ಥಾನ ರೋಗದ ಅಪಾಯವನ್ನು ಹೆಚ್ಚು ಕಡಿಮೆ ಮಾಡುತ್ತದೆಂದು ತೋರಿಸಿದರು. ಇಲಿಗೂ ಮನುಷ್ಯನಿಗೂ ಇಷ್ಟು ನೇರವಾದ ಹೋಲಿಕೆ ಈ ಕ್ಷೇತ್ರದಲ್ಲಿ ಮತ್ತೆ ಸಿಕ್ಕಿದ್ದು ಅಪರೂಪ.

ಐಡಿಡಿ1ರ ಪ್ರಭಾವ ಎಷ್ಟು ಬಲವಾಗಿತ್ತೆಂದರೆ ಉಳಿದವು ಅದರ ಮರೆಯಲ್ಲಿದ್ದವು. ಅದಕ್ಕೊಂದು ಜಾಣ ಉಪಾಯ ಹೂಡಲಾಯಿತು: ರೋಗ ಬಾರದ ಬಿ10 ತಳಿಗೂ ನಾಡ್ ಇಲಿಯ ಐಡಿಡಿ1 ಭಾಗವನ್ನೇ ಸೇರಿಸಿ, ಆಮೇಲೆ ಎರಡನ್ನೂ ಕೂಡಿಸಿ, ಮರಿಗಳನ್ನು ಮತ್ತೆ ನಾಡ್ ತಳಿಗೆ ಕೂಡಿಸುವುದು. ಯಾವ ಮರಿಗೆ ರೋಗ ಬಂತು, ಅದರ ವರ್ಣತಂತುವಿನ ಯಾವ ತುಂಡು ಯಾರ ಕಡೆಯದು ಎಂದು ತಾಳೆ ನೋಡಿದಾಗ 1991ರಲ್ಲಿ ಹೊಸ ತಾಣಗಳು ಹೊರಬಿದ್ದವು. ಆ ತಾಣಗಳೊಳಗಿನ ವಂಶವಾಹಿಯನ್ನು ಗುರುತಿಸಲು ಮತ್ತೆ ವರ್ಷಗಳೇ ಹಿಡಿದವು. ಟಿ ಕೋಶಕ್ಕೆ ಕಡಿವಾಣ ಹಾಕುವ ಸಿಟಿಎಲ್‌ಎ-4 ಮೇಲೆ ಬೆರಳಿಟ್ಟದ್ದು 2003ರಲ್ಲಿ. ಇಂಟರ್‌ಲ್ಯೂಕಿನ್-2 ಎಂಬ, ಟಿ ಕೋಶಗಳಿಗೆ ಸಂಕೇತ ನೀಡುವ ಪ್ರೋಟೀನಿನ ಮೇಲೆ 2007ರಲ್ಲಿ.

ಈ ಇಲಿಗಳ ಮಿತಿಗಳೂ ಕಂಡವು. ಬಿಬಿ ಇಲಿಯಲ್ಲಿ ಟಿ ಕೋಶಗಳು ಕುಸಿಯಲು ಕಾರಣವಾದ ಜಿಮ್ಯಾಪ್5 ವಂಶವಾಹಿಯ ದೋಷ 2002ರಲ್ಲಿ ಸಿಕ್ಕಿತಾದರೂ, ಟೈಪ್ 1 ಮಧುಮೇಹವಿರುವ ಮಕ್ಕಳಲ್ಲಿ ಟಿ ಕೋಶಗಳ ಅಂಥ ಕುಸಿತ ಕಾಣುವುದಿಲ್ಲ. ರೋಗಕ್ಕೆ ಸಂಬಂಧಿಸಿದ ಪಿಟಿಪಿಎನ್22 ಎಂಬ ವಂಶವಾಹಿ 2004ರಲ್ಲಿ ಇಲಿಗಳ ನೆರವಿಲ್ಲದೆ ನೇರವಾಗಿ ಮನುಷ್ಯರಲ್ಲೇ ಸಿಕ್ಕಿತು. ನಾಡ್ ತಳಿಯ ಹೆಣ್ಣುಗಳಲ್ಲಿ ಶೇ 60ರಿಂದ 80ಕ್ಕೆ ರೋಗ ಬಂದರೆ ಗಂಡುಗಳಲ್ಲಿ ಬರುವುದು ಶೇ 20ರಿಂದ 30ಕ್ಕೆ ಮಾತ್ರ. ಮನುಷ್ಯರಲ್ಲಿ ಹಾಗಿಲ್ಲ: ಕರ್ನಾಟಕ ಮಧುಮೇಹ ನೋಂದಣಿಯ 1995–2008ರ ಲೆಕ್ಕದಲ್ಲಿ ಹೊಸದಾಗಿ ರೋಗ ಬಂದವರು ಲಕ್ಷಕ್ಕೆ ಹುಡುಗರಲ್ಲಿ 3.7, ಹುಡುಗಿಯರಲ್ಲಿ 4.0; ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಇಷ್ಟಾದರೂ, 1994ರಲ್ಲಿ ನಾಡ್ ಇಲಿಗಳ ರೋಗವನ್ನು ಹಿಮ್ಮೆಟ್ಟಿಸಿದ ಟಿ ಕೋಶಗಳ ಮೇಲಿನ ಸಿಡಿ3 ಅಣುವಿನ ವಿರೋಧಿ ಪ್ರತಿಕಾಯದ ದಾರಿಯಲ್ಲೇ ಬಂದ ಟೆಪ್ಲಿಜುಮಾಬ್ 2022ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಅದು ರೋಗವನ್ನು ಮುಂದೂಡುವ ಔಷಧ.

ಮನುಷ್ಯರಲ್ಲಿ ಈಗ ಅರವತ್ತಕ್ಕೂ ಹೆಚ್ಚು ತಾಣಗಳು ಗೊತ್ತಿವೆ. ಅವುಗಳಲ್ಲಿ ಬಹುಪಾಲು ಯುರೋಪ್ ಮೂಲದವರ ರಕ್ತದಿಂದ ತಿಳಿದವು. ರಕ್ತಸಂಬಂಧದ ಮದುವೆ ರೂಢಿಯಲ್ಲಿರುವ ಕಡೆ ಅಪರೂಪದ ವಂಶವಾಹಿ ತಂದೆ, ತಾಯಿ ಇಬ್ಬರಿಂದಲೂ ಮಗುವಿಗೆ ಬರುವ ಸಂಭವ ಹೆಚ್ಚು. ಹಾಗಾಗಿ ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಮಕ್ಕಳನ್ನೂ ಒಳಗೊಂಡ ಅಧ್ಯಯನ ಕರ್ನಾಟಕದಲ್ಲಿ ನಡೆಯಬೇಕು.