ಮುದ್ದೆಯ ಲೆಕ್ಕ ಬರೆದವರು ಯಾರು?

ಕ್ಯಾತ್ಸಂದ್ರದ ಹೋಟೆಲುಗಳಲ್ಲಿ ತಟ್ಟೆ ಇಡ್ಲಿ ಮುಂದೆ ಬಂದ ಕೂಡಲೇ ಮೊಬೈಲ್ ತೆಗೆಯುವವರು ಈಗ ಎರಡು ಥರ. ಒಬ್ಬರು ಫೋಟೊ ಹೊಡೆಯಲು, ಇನ್ನೊಬ್ಬರು ಕ್ಯಾಲೊರಿ ಬರೆದುಕೊಳ್ಳಲು. ಎರಡನೆಯವರ ಕಷ್ಟ ಜಾಸ್ತಿ. ಆ್ಯಪಿನಲ್ಲಿ ‘ಇಡ್ಲಿ, ಒಂದು’ ಅಂತ ಒತ್ತಿದರೆ ಅದು ಮನೆಯಲ್ಲಿ ಬೇಯಿಸುವ ಸಣ್ಣ ಇಡ್ಲಿಯ ಲೆಕ್ಕ ಕೊಡುತ್ತದೆ. ಎದುರಿಗೆ ಕೂತಿರೋದು ತಟ್ಟೆಯಗಲದ ಇಡ್ಲಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಹಾಗಾಗಿ ಅಂದಾಜಿನ ಮೇಲೆ ಏನೋ ಒಂದು ಸಂಖ್ಯೆ ಹಾಕಿ ಮುಂದೆ ಹೋಗ್ತಾರೆ. ತೂಕ ಇಳಿಸಬೇಕು ಅಂತ ಹೊರಟ ಮೇಲೆ ತಿಂದದ್ದಕ್ಕೊಂದು ಲೆಕ್ಕ, ನಡೆದದ್ದಕ್ಕೊಂದು ಲೆಕ್ಕ. ದಿನದ ಕೊನೆಗೆ ಜಮಾ ಖರ್ಚು.

ಈ ಲೆಕ್ಕ ನಮ್ಮ ಕಡೆಗೆ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಸಿಗೋದು ಜಿಮ್ ಅಲ್ಲ, ಬರ.

ಊಟವನ್ನು ಅಳೆಯೋದು ನಮ್ಮವರಿಗೆ ಹೊಸದೇನಲ್ಲ. ಗುಬ್ಬಿ ಸಂತೆಯಲ್ಲಾಗಲಿ, ಕುಣಿಗಲ್ಲಿನ ಕಣದಲ್ಲಾಗಲಿ ಧಾನ್ಯಕ್ಕೆ ಸೇರು, ಪಾವು, ಚಟಾಕು, ಕೊಳಗ, ಖಂಡುಗ ಅಂತ ಅಳತೆಗಳಿದ್ದವು. ಕೂಲಿಯನ್ನೂ ಕಾಳಿನಲ್ಲೇ ಅಳೆದು ಕೊಡುತ್ತಿದ್ದರು. ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಅಳತೆ ಇದ್ದದ್ದು ಕಣದಲ್ಲಿ, ಸಂತೆಯಲ್ಲಿ, ಅಟ್ಟದ ಮೇಲೆ. ಉಂಡವನ ಹೊಟ್ಟೆಗೆ ಯಾರೂ ಸೇರು ಹಿಡಿದಿರಲಿಲ್ಲ. ಸಿದ್ಧಗಂಗಾ ಮಠದ ದಾಸೋಹದಲ್ಲಿ ಇವತ್ತಿಗೂ ಹಾಗೇ. ಸಾವಿರಾರು ಮಕ್ಕಳಿಗೆ ಅಕ್ಕಿ, ರಾಗಿ ಎಷ್ಟು ಬೇಕು ಅಂತ ಉಗ್ರಾಣದಲ್ಲಿ ಲೆಕ್ಕ ಇರುತ್ತದೆ, ಪಂಕ್ತಿಯಲ್ಲಿ ಕೂತವನು ಎಷ್ಟು ಉಂಡ ಅಂತ ಲೆಕ್ಕ ಇರಲ್ಲ.

ಉಂಡವನ ಹೊಟ್ಟೆಯನ್ನೇ ಅಳೆಯಲು ಸರ್ಕಾರ ಕೂತದ್ದು 1877ರಲ್ಲಿ. ಧಾತು, ಈಶ್ವರ ಸಂವತ್ಸರಗಳ ಬರ ಅದು. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮಳೆ ಕೈಕೊಟ್ಟು ಕೋಲಾರ, ತುಮಕೂರು, ಚಿತ್ರದುರ್ಗದ ಬಯಲುಸೀಮೆಗೆ ಪೆಟ್ಟು ಜೋರಾಗಿ ಬಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಇತ್ತು. 1881ರಲ್ಲಿ ಮತ್ತೆ ಎಣಿಸಿದಾಗ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕುಸಿದಿತ್ತು.

ಆ ಹೊತ್ತಿಗೆ ವೈಸರಾಯ್ ಲಿಟ್ಟನ್ ದಕ್ಷಿಣಕ್ಕೆ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್. ಖಜಾನೆ ಉಳಿಸೋದು ಅವನಿಗೆ ಕೊಟ್ಟ ಕೆಲಸ. ಮದ್ರಾಸ್ ಪ್ರಾಂತ್ಯದಲ್ಲಿ ಬರಪರಿಹಾರದ ಕಾಮಗಾರಿಗೆ ಬಂದ ಗಂಡಾಳಿಗೆ ದಿನಕ್ಕೆ ಒಂದೂವರೆ ಪೌಂಡ್ ಧಾನ್ಯ ಬೇಡ, ಒಂದು ಪೌಂಡ್ ಸಾಕು ಅಂತ ಅವನು ಗೊತ್ತುಮಾಡಿದ. ಮೇಲೆ ಉಪ್ಪು ಮೆಣಸಿನಕಾಯಿಗೆ ಒಂದಿಷ್ಟು ಕಾಸು. ಕಲ್ಲು ಒಡೆಯುವವನಿಗೆ, ಮಣ್ಣು ಹೊರುವವನಿಗೆ ಇದು ಸಾಲುವುದಿಲ್ಲ ಅಂತ ಎದುರು ನಿಂತವರು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್. ಇಬ್ಬರ ನಡುವೆ ಪತ್ರಗಳಲ್ಲಿ, ವರದಿಗಳಲ್ಲಿ ದೊಡ್ಡ ಜಗಳವೇ ನಡೆಯಿತು. ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಆ ಪಡಿಯನ್ನು ಏರಿಸಬೇಕಾಯಿತು. ಒಬ್ಬ ಮನುಷ್ಯ ಎಷ್ಟು ಕಡಿಮೆ ತಿಂದು ಕೆಲಸ ಮಾಡಬಲ್ಲ ಅನ್ನೋ ಪ್ರಶ್ನೆ ಸರ್ಕಾರಿ ಕಾಗದದ ಮೇಲೆ ಈ ಸೀಮೆಗೆ ಬಂದದ್ದು ಹೀಗೆ.

ಆ ಜಗಳದಲ್ಲಿ ಕ್ಯಾಲೊರಿ ಅನ್ನೋ ಮಾತು ಇರಲಿಲ್ಲ. ಶಾಖ ಅಳೆಯುವ ಮಾನವಾಗಿ ಅದು ಫ್ರಾನ್ಸಿನಲ್ಲಿ 1820ರ ದಶಕದಲ್ಲೇ ಇತ್ತು. ಊಟವನ್ನು ಸುಟ್ಟು ಎಷ್ಟು ಶಾಖ ಬರುತ್ತದೆ ಅಂತ 1866ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಫ್ರಾಂಕ್ಲೆಂಡ್ ಅಳೆದಿದ್ದರು. ಆದರೆ ಅಡುಗೆಮನೆಗೆ ತಲುಪುವ ರೂಪ ಕೊಟ್ಟವರು ಅಮೆರಿಕದ ವಿಲ್ಬರ್ ಆಟ್‌ವಾಟರ್. 1890ರ ದಶಕದಲ್ಲಿ ಅವರು ಮನುಷ್ಯನೊಬ್ಬ ಒಳಗೇ ಉಂಡು ಮಲಗಿ ದಿನಗಟ್ಟಲೆ ಇರಬಹುದಾದ ಒಂದು ಕೋಣೆ ಕಟ್ಟಿಸಿ, ಅವನ ಮೈಯಿಂದ ಹೊರಬರುವ ಶಾಖವನ್ನು ಅಳೆದರು. ಹಿಟ್ಟಿನ ಅಂಶಕ್ಕೆ ಗ್ರಾಮಿಗೆ 4, ಪ್ರೋಟೀನಿಗೆ 4, ಕೊಬ್ಬಿಗೆ 9 ಅನ್ನೋ ಸೂತ್ರ ಅವರ ಕೆಲಸದಿಂದಲೇ ಬಂದದ್ದು. ಇವತ್ತು ಬಿಸ್ಕತ್ತಿನ ಪೊಟ್ಟಣದ ಹಿಂದೆ ಇರೋ ಲೆಕ್ಕಕ್ಕೂ ಅದೇ ಬುನಾದಿ.

ನಮ್ಮ ರಾಗಿ ಈ ಪಟ್ಟಿಯೊಳಗೆ ಸೇರಿದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿನ ಪೌಷ್ಟಿಕ ಆಹಾರ ಪ್ರಯೋಗಾಲಯವನ್ನು ರಾಬರ್ಟ್ ಮೆಕ್ಯಾರಿಸನ್ ಬೆಳೆಸಿದ್ದರು. ಅವರ ನಂತರ ಬಂದ ಆಯ್ಕ್ರಾಯ್ಡ್ 1937ರಲ್ಲಿ ಭಾರತದ ಆಹಾರಗಳ ಸತ್ವದ ಪಟ್ಟಿ ಹೊರತಂದರು. ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು, ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಅನ್ನೋ ಹೆಸರು ಪಡೆಯಿತು. ಗೋಪಾಲನ್ ಮತ್ತು ಜೊತೆಗಾರರ 1971ರ ಪಟ್ಟಿ ಮೂರು ನಾಲ್ಕು ದಶಕ ಎಲ್ಲರ ಕೈಪಿಡಿಯಾಯಿತು. ಅದರ ಪ್ರಕಾರ 100 ಗ್ರಾಂ ರಾಗಿಗೆ 328 ಕ್ಯಾಲೊರಿ, ಅಕ್ಕಿಗೆ 345, ಹುರುಳಿಗೆ 321, ಹಸಿ ತೆಂಗಿನಕಾಯಿಗೆ 444, ಕೊಬ್ಬರಿಗೆ 662. (ನಾವು ಕ್ಯಾಲೊರಿ ಅನ್ನೋದು ಲೆಕ್ಕದಲ್ಲಿ ಕಿಲೊಕ್ಯಾಲೊರಿ. ಬಾಯಿಮಾತಿನಲ್ಲಿ ಕಿಲೊ ಬಿದ್ದುಹೋಗಿದೆ.)

ಆ ಪಟ್ಟಿಗಳು ಹುಟ್ಟಿದ್ದು ತೂಕ ಇಳಿಸೋಕಲ್ಲ, ಎಷ್ಟು ಜನಕ್ಕೆ ಊಟ ಸಾಲುತ್ತಿಲ್ಲ ಅಂತ ತಿಳಿಯೋಕೆ. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಬಡತನದ ಗೆರೆ ಎಳೆದದ್ದೂ ಇದರಿಂದಲೇ. ಹಳ್ಳಿಯವರಿಗೆ ದಿನಕ್ಕೆ 2,400 ಕ್ಯಾಲೊರಿ, ಪಟ್ಟಣದವರಿಗೆ 2,100 ಕೊಳ್ಳುವಷ್ಟು ಖರ್ಚು ಮಾಡಲಾಗದವರು ಬಡವರು ಅಂತ.

ಈಗ ಆ ಪಟ್ಟಿ ಹಿಡಿದು 1877ಕ್ಕೆ ವಾಪಸ್ ಹೋಗೋಣ. ಒಂದು ಪೌಂಡ್ ಅಂದರೆ 454 ಗ್ರಾಂ. ಅಷ್ಟು ಅಕ್ಕಿಗೆ 1,566 ಕ್ಯಾಲೊರಿ, ರಾಗಿಗೆ 1,489. ಟೆಂಪಲ್ ಸಾಕು ಅಂದದ್ದು ಇಷ್ಟು.

ಈ ಸಂಖ್ಯೆ ಚರಿತ್ರೆಯಲ್ಲಿ ಇನ್ನೊಮ್ಮೆ ಎದುರಾಗುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ಮಾಡಿದರು. ಎಲ್ಲರೂ ಒಪ್ಪಿ ಬಂದವರೇ. ಹಸಿದ ಯುರೋಪಿಗೆ ಮತ್ತೆ ಊಟ ಕೊಡೋದು ಹೇಗೆ ಅಂತ ತಿಳಿಯೋದು ಉದ್ದೇಶ. 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿ ಕೊಟ್ಟರು, ವಾರಕ್ಕೆ 35 ಕಿ.ಮೀ. ನಡೆಸಿದರು. ಮೈತೂಕದ ನಾಲ್ಕನೇ ಒಂದು ಭಾಗ ಇಳಿಯಿತು. ಜೊತೆಗೆ ಸದಾ ಚಳಿ, ಸುಸ್ತು, ಮಂಕು. ಬೇರೆ ವಿಷಯ ತಲೆಗೆ ಹತ್ತದೆ ಅಡುಗೆ ಪುಸ್ತಕ ಓದುತ್ತಾ ಕೂತರು, ತಟ್ಟೆ ನೆಕ್ಕಿದರು. ಪ್ರಯೋಗದ ಹೆಸರಿನಲ್ಲೇ ‘ಉಪವಾಸ’ ಅಂತ ಇತ್ತು, ‘ಡಯಟ್’ ಅಂತಲ್ಲ.

ಈಗಿನ ಆ್ಯಪಿನಲ್ಲಿ ಬೇಗ ತೂಕ ಇಳೀಬೇಕು ಅಂತ ಒತ್ತಿದರೆ ಬಹಳ ಹೆಣ್ಣುಮಕ್ಕಳಿಗೆ ಕಾಣೋ ಗುರಿ 1,200. ಇದೂ ಮೊಬೈಲ್ ಕಂಡುಹಿಡಿದದ್ದಲ್ಲ. 1918ರಲ್ಲಿ ಲೂಲು ಹಂಟ್ ಪೀಟರ್ಸ್ ಎಂಬ ಅಮೆರಿಕದ ವೈದ್ಯೆ ಬರೆದ ಡಯಟ್ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ತೂಕ ಇಳಿಸಲು 1,200 ಅನ್ನೋದು ಆಗಲೇ ಅದರಲ್ಲಿತ್ತು. ತಟ್ಟೆಯಲ್ಲಿರೋದನ್ನು ಒಂದು ಹೋಳು ಬ್ರೆಡ್ಡು ಅನ್ನಬೇಡಿ, ಇಷ್ಟು ಕ್ಯಾಲೊರಿ ಬ್ರೆಡ್ಡು ಅನ್ನಿ ಅಂತ ಓದುಗರಿಗೆ ಕಲಿಸಿದವರೂ ಅವರೇ.

ಹಾಗಾದರೆ ಲೆಕ್ಕ ಬರೆಯೋದೇ ತಪ್ಪಾ? ಅಲ್ಲ. ನಮ್ಮ ಕಡೆ ತೂಕ ಏರಿರೋದು ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ ಶೇ. 30ರ ಆಸುಪಾಸು ಜನ ಅತಿತೂಕದವರು. ಅದೇ ಸಮೀಕ್ಷೆಯಲ್ಲಿ ಶೇ. 17ರಷ್ಟು ಹೆಂಗಸರು ಇರಬೇಕಾದ್ದಕ್ಕಿಂತ ಸಣಕಲು. ಒಂದೇ ಬೀದಿಯಲ್ಲಿ ಎರಡೂ ಇದೆ.

ತೂಕ ಏರಿದ್ದಕ್ಕೆ ಮುದ್ದೆಯನ್ನು ಬೈಯೋರು ಇದ್ದಾರೆ, ಅನ್ನವನ್ನು ಬೈಯೋರೂ ಇದ್ದಾರೆ. ಐಸಿಎಂಆರ್‌ನ 2020ರ ಪಟ್ಟಿ ಸ್ವಲ್ಪ ನೋಡಿ. ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ ಬೇಕು. ಮೈಬಗ್ಗಿಸಿ ದುಡಿಯುವವನಿಗೆ 3,470. ವ್ಯತ್ಯಾಸ 1,360. ಅದನ್ನು ರಾಗಿಗೆ ತಿರುಗಿಸಿದರೆ 415 ಗ್ರಾಂ. ಟೆಂಪಲ್ಲನ ಪೌಂಡಿಗೆ ಬರೀ 40 ಗ್ರಾಂ ಕಡಿಮೆ! ಏತ ಹೊಡೆಯುವ, ಗುದ್ದಲಿ ಹಿಡಿಯುವ, ಸಂತೆಗೆ ನಡೆದು ಹೋಗುವ ಕೆಲಸವನ್ನು ಪಂಪ್‌ಸೆಟ್ಟು, ಟ್ರ್ಯಾಕ್ಟರು, ಬೈಕು ತೆಗೆದುಕೊಂಡು ಹೋದವು. ಜೊತೆಗೆ ಒಬ್ಬ ಆಳಿನ ಬರಗಾಲದ ಇಡೀ ದಿನದ ಪಡಿಯಷ್ಟು ಹಸಿವನ್ನೂ ತೆಗೆದುಕೊಂಡು ಹೋಗಬೇಕಿತ್ತು. ಹಸಿವು ಅಷ್ಟು ಬೇಗ ಹೋಗಲಿಲ್ಲ. ತಟ್ಟೆ ಹಳೇದೇ ಉಳಿಯಿತು, ಅದರ ಮೇಲೆ ಸಕ್ಕರೆ, ಎಣ್ಣೆ, ಬೇಕರಿ ತಿಂಡಿ ಬಂದು ಸೇರಿತು.

ಟಿಪ್ಪು ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರಂ ಎಲ್ಲರಿಗೂ ಗೊತ್ತು. ಕುದುರೆ ಸಾಕಿದವರನ್ನು ಯಾರನ್ನು ಬೇಕಾದ್ರೂ ಕೇಳಿ. ಓಡುವ ಕುದುರೆಗೆ ಒಂದು ಮೇವು, ಲಾಯದಲ್ಲಿ ನಿಂತ ಕುದುರೆಗೆ ಇನ್ನೊಂದು, ಮರಿ ಹಾಕಿದ್ದಕ್ಕೆ ಮತ್ತೊಂದು. ಕೆಲಸ ನೋಡಿ ಹುರುಳಿ. ಕುದುರೆಗೆ ಮಾಡೋ ಈ ಯೋಚನೆಯನ್ನು ನಮಗೆ ನಾವು ಮಾಡಿಕೊಳ್ಳಲ್ಲ, ಅಷ್ಟೇ.

ಇನ್ನು ವ್ಯಾಯಾಮದ ಲೆಕ್ಕ. ತುಮಕೂರಿನ ಅಮಾನಿಕೆರೆ ಸುತ್ತ 60 ಕೆಜಿ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಮೊಬೈಲ್ ಸುಮಾರು 210 ಕ್ಯಾಲೊರಿ ತೋರಿಸಬಹುದು. ಅದರಲ್ಲಿ 60ರಷ್ಟು ಮನೆಯಲ್ಲಿ ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿತ್ತು. ನಡೆದದ್ದರಿಂದ ಸಿಕ್ಕಿದ್ದು 150. ಐವತ್ತು ಗ್ರಾಂ ಕಾಯಿತುರಿಗೆ 222. ನಮ್ಮದು ತೆಂಗಿನ ಜಿಲ್ಲೆ, ಚಟ್ನಿಗೆ, ಸಾರಿಗೆ, ಪಲ್ಯಕ್ಕೆ ಅಷ್ಟು ಕಾಯಿ ಹೋಗೋದು ಗೊತ್ತೇ ಆಗಲ್ಲ. ‘ವಾಕ್ ಮಾಡಿದೀನಲ್ಲ’ ಅಂತ ಇನ್ನೊಂದು ಇಡ್ಲಿ ಹೇಳೋರು ಇಲ್ಲೇ ಎಡವೋದು. ದಿನಕ್ಕೆ 10,000 ಹೆಜ್ಜೆ ಅನ್ನೋದೂ ಯಾವ ಶಾಸ್ತ್ರದ ಅಪ್ಪಣೆಯಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರೇ ‘ಹತ್ತು ಸಾವಿರ ಹೆಜ್ಜೆ ಮಾಪಕ’ ಅಂತಿತ್ತು. ನಡಿಗೆ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮಂಡಿಗೆ ಒಳ್ಳೇದು. ಆ ಕಾರಣಕ್ಕೇ ನಡೆಯಬೇಕು, ಇಡ್ಲಿ ಗಿಟ್ಟಿಸೋಕಲ್ಲ.

ಬರೆಯುವವರು ಖಂಡಿತ ಬರೀರಿ. ಮುದ್ದೆಯನ್ನು ತೂಗಬೇಡಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಹಿಟ್ಟನ್ನು ತೂಗಿ. ನೂರು ಗ್ರಾಂ ಹಿಟ್ಟಿನ ಮುದ್ದೆ ದೊಡ್ಡದಾದರೂ ಚಿಕ್ಕದಾದರೂ ಸುಮಾರು 320ರ ಮೇಲೆ ಹೋಗಲ್ಲ. ಎಣ್ಣೆ, ಕಾಯಿ, ಸಕ್ಕರೆ ಈ ಮೂರನ್ನು ಒಂದು ವಾರ ಸರಿಯಾಗಿ ಅಳೆದರೆ ಉಳಿದದ್ದು ಅಂದಾಜಿನಲ್ಲೇ ಸಿಗುತ್ತದೆ. ಆದರೆ ಗುರಿ ಹಾಕೋ ಜಾಗದಲ್ಲಿ ಬೆರಳು ಇಡೋ ಮೊದಲು ಒಂದು ನಿಮಿಷ ನಿಲ್ಲಿ. ಐಸಿಎಂಆರ್ ಪ್ರಕಾರ ಕೂತು ಕೆಲಸ ಮಾಡುವ 55 ಕೆಜಿ ತೂಕದ ಹೆಂಗಸಿಗೇ 1,660 ಬೇಕು. ಮನೆಕೆಲಸ ಮಾಡಿ, ಬಸ್ ಹಿಡಿದು ಕೆಲಸಕ್ಕೆ ಹೋಗಿ ಬರೋ ಹೆಣ್ಣುಮಗಳು ಅಲ್ಲಿ 1,200 ಒತ್ತಿದರೆ, ಡಾ. ಕಾರ್ನಿಶ್ ಜಗಳಕ್ಕೆ ನಿಂತ ಪಡಿಗಿಂತಲೂ ಕಡಿಮೆ ಪಡಿಯನ್ನು ತನಗೆ ತಾನೇ ಮಂಜೂರು ಮಾಡಿಕೊಂಡ ಹಾಗೆ. ಬಸುರಿ ಬಾಣಂತಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ಇಲ್ಲವೇ ಇನ್ಸುಲಿನ್ ತಗೊಳ್ಳೋರು ಡಾಕ್ಟರನ್ನು ಕೇಳದೆ ಆ ಕಡೆ ಹೋಗಲೇಬಾರದು. ಬೇಕಾದ್ದಕ್ಕಿಂತ ದಿನಕ್ಕೆ ಇನ್ನೂರು ಮುನ್ನೂರು ಕಡಿಮೆ ಮಾಡಿ, ನಿಧಾನಕ್ಕೆ ಇಳಿಯಲಿ.